ಡುಪಿಯಾನ್ ಬಟ್ಟೆಯ ಗಂಟು: ಗೆಳೆಯನಿಗೊಂದು ಪತ್ರ

ಇಳಕಲ್

ಪ್ರೀತಿಯ ಗೆಳೆಯನಿಗೆ ನಮಸ್ಕಾರಗಳು.

ಜುಬ್ಬಾ ಹೊಲಿಸಲೆಂದು ನೀನು ಕೊಂಡ ರೇಷ್ಮೆ ಬಟ್ಟೆಯ ತುಣುಕು ಕೈಸೇರಿತು. ರಾ ಸಿಲ್ಕ್ ಎಂದು ಹೇಳಿ ಗಂಟುಗಂಟಾದ ಮಾಲನ್ನು ಕೊಟ್ಟಿದ್ದಾರೆ, ಹಿಂದಿರುಗಿಸಲೇ ಎಂದು ಕೇಳಿದ್ದೀಯೆ. ಹಿಂದಿರುಗಿಸಬೇಡ. ಅದು ಡುಪಿಯಾನ್; ನೀನು ದೋಷವೆಂದುಕೊಂಡ ಗಂಟುಗಳ ಕಾರಣವೇ ಅದರ ಹೆಸರಿನಲ್ಲಿದೆ.

ಇಟಾಲಿಯನ್ ಭಾಷೆಯಲ್ಲಿ 'ದೊಪ್ಪಿಯೊ' ಎಂದರೆ ಜೋಡಿ. ಅದರಿಂದ ಹುಟ್ಟಿದ 'ದೊಪ್ಪಿಯೋನೆ' ಎಂಬ ಪದ ಎರಡು ಹುಳುಗಳು ಸೇರಿ ಕಟ್ಟಿದ ಗೂಡಿಗೆ ಸಲ್ಲುತ್ತದೆ. ಹಣ್ಣಾದ, ಎಂದರೆ ಗೂಡು ಕಟ್ಟಲು ಸಿದ್ಧವಾದ ರೇಷ್ಮೆ ಹುಳುಗಳನ್ನು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡುವಾಗ ದಟ್ಟಣೆ ಹೆಚ್ಚಾದರೆ, ಪಕ್ಕಪಕ್ಕದ ಎರಡು ಹುಳುಗಳು ಒಂದೇ ಗೂಡನ್ನು ಸುತ್ತಿಕೊಳ್ಳುವುದುಂಟು. ಒಂಟಿ ಗೂಡಿನಿಂದ ನೂರಾರು ಮೀಟರ್ ಉದ್ದದ ಎಳೆ ಸರಾಗವಾಗಿ ಬಿಚ್ಚಿಕೊಳ್ಳುತ್ತದೆ. ಜೋಡಿ ಗೂಡಿನಲ್ಲಿ ಎರಡು ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ, ಬಿಚ್ಚುವಾಗ ಸಿಕ್ಕಾಗಿ ನೂಲು ಒಮ್ಮೆ ದಪ್ಪಗೆ, ಒಮ್ಮೆ ತೆಳ್ಳಗೆ ಬರುತ್ತದೆ.

ತುಣುಕನ್ನು ಪಕ್ಕದ ಮನೆಯ ನೇಕಾರರಿಗೆ ತೋರಿಸಿದೆ. ಅವರು ಅಂಚಿನಿಂದ ಎರಡು ಎಳೆ ಬಿಡಿಸಿ ಅಂಗೈ ಮೇಲಿಟ್ಟರು: ಉದ್ದಕ್ಕೆ ಓಡುವ ಹಾಸಿನ ಎಳೆ ನಯವಾಗಿತ್ತು, ಅಡ್ಡಕ್ಕೆ ಓಡುವ ಹೊಕ್ಕಿನದು ಕಪ್ಪೆ ನುಂಗಿದ ಹಾವಿನಂತೆ ನಡುನಡುವೆ ಉಬ್ಬಿತ್ತು. ಬಟ್ಟೆಯ ಮೇಲಿನ ಗೀರುಗಳೆಲ್ಲ ಅಡ್ಡಕ್ಕೇ ಇರುವುದು ಇದೇ ಕಾರಣಕ್ಕೆ. "ನಮ್ಮ ಸೆರಗಿಗೆ ಇಂಥಾ ಎಳಿ ಹಾಕಿದ್ರ ಸಾವ್ಕಾರ ಸೀರೀನ ತಿರುಗಿ ಕಳಸ್ತಾರ" ಎಂದು ನಕ್ಕರು. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಕೂಡಿಸುವ ಈ ಊರಿನಲ್ಲಿ ನಯವೇ ನೇಯ್ಗೆಯ ಮರ್ಯಾದೆ. ನಿನ್ನ ತುಣುಕನ್ನು ಕಂಡೊಡನೆ ನನ್ನ ಮೂಗೂ ತುಸು ಮುರಿಯಿತೆಂದು ಒಪ್ಪಿಕೊಳ್ಳುತ್ತೇನೆ.

ಒರಟು ಮೈಯ ರೇಷ್ಮೆಯನ್ನು ಅಂಗಡಿಗಳಲ್ಲಿ ರಾ ಸಿಲ್ಕ್ ಎನ್ನುವ ರೂಢಿಯಿದೆಯಾದರೂ, ಆ ಮಾತು ವಾಸ್ತವವಾಗಿ ಸೆರಿಸಿನ್ ಎಂಬ ಅಂಟನ್ನು ಬೇಯಿಸಿ ತೆಗೆಯದ ಕಚ್ಚಾ ನೂಲಿಗೆ ಸಲ್ಲಬೇಕಾದದ್ದು. ಆದ್ದರಿಂದ ಅಂಗಡಿಯವರ ತಪ್ಪೇನಿದ್ದರೂ ಹೆಸರಿನದು, ಮಾಲಿನದಲ್ಲ. ಡುಪಿಯಾನಿಗೆ ಹತ್ತಿರದ ಇನ್ನೊಂದು ಬಟ್ಟೆ ಶಾಂಟುಂಗ್. ಗಂಟು ಕಡಿಮೆ, ಮೈ ಹಗುರ. ಅದಕ್ಕೆ ಹೆಸರು ಬಂದದ್ದು ಚೀನಾದ ಶಾಂಡೊಂಗ್ ಪ್ರಾಂತ್ಯದಿಂದ, ಎಂದರೆ 'ಬೆಟ್ಟಗಳ ಮೂಡಣ'ದಿಂದ. ನಮ್ಮ ಸೀರೆಗೂ ಊರೇ ಹೆಸರು ಕೊಟ್ಟಿದೆ. ಆದರೂ ಹುಳುಗಳ ಅವಾಂತರವನ್ನೇ ಹೆಸರಾಗಿಸಿಕೊಂಡ ಡುಪಿಯಾನ್ ನನಗೆ ಹೆಚ್ಚು ಇಷ್ಟ.

ದರ್ಜಿಗೆ ಒಂದು ಮಾತು ಹೇಳಿಬಿಡು: ಮೈ ಮತ್ತು ತೋಳುಗಳನ್ನು ಒಂದೇ ದಿಕ್ಕಿನಲ್ಲಿ ಕತ್ತರಿಸಲಿ, ಇಲ್ಲವಾದರೆ ಗೀರುಗಳು ಒಂದು ಕಡೆ ಅಡ್ಡ, ಇನ್ನೊಂದು ಕಡೆ ಉದ್ದ ಬಿದ್ದು ಅಂಗಿ ಅಂದಗೆಡುತ್ತದೆ. ಗಂಟನ್ನು ಸೂಜಿಯಿಂದ ಎಳೆಯಬೇಡ. ಹೊಕ್ಕು ಕಿತ್ತು ಬಟ್ಟೆಯಲ್ಲಿ ಸಂದು ಬೀಳುತ್ತದೆ. ನೀನು ಕಳಿಸಿದ ತುಣುಕಿನಲ್ಲಿ ಒಂದನ್ನು ಎಳೆದು ನೋಡಿಯೇ ಹೇಳುತ್ತಿದ್ದೇನೆ.

ಇಂತು,
ನಿನ್ನ ಗೆಳೆಯ