ಗೊತ್ತಿದ್ದೂ ಗೊತ್ತಿಲ್ಲ ಅನ್ನಬೇಡ ಮಗಳೇ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ತಲೆಯಲ್ಲೇ ಕೂತುಬಿಟ್ಟಿದೆ. ನಿನ್ನ ಕ್ಲಾಸಿನ ಹುಡುಗನೊಬ್ಬ ಎಲ್ಲರಿಗೂ ಏನೋ ವಿವರಿಸುತ್ತಿದ್ದನಂತೆ. ಅವನು ಹೇಳುತ್ತಿದ್ದದ್ದು ತಪ್ಪು ಅಂತ ನಿನಗೆ ಗೊತ್ತಿತ್ತಂತೆ. ಆದರೂ ಅವನು ನಿನ್ನನ್ನು ಕೇಳಿದಾಗ ‘ಇದೆಲ್ಲ ನನ್ನ ತಲೆಗೆ ಹತ್ತಲ್ಲ ಕಣೋ’ ಅಂದುಬಿಟ್ಟೆಯಂತೆ. ‘ಸುಮ್ನೆ ಯಾಕಪ್ಪಾ ಜಂಬದವಳು ಅನ್ನಿಸಿಕೊಳ್ಳೋದು’ ಅಂತ ನಗುತ್ತಾ ಹೇಳಿದೆ. ನಾನು ಆಗ ಸುಮ್ಮನಾದೆ, ಯಾಕೆಂದರೆ ಇದು ಫೋನಿನಲ್ಲಿ ಎರಡು ಮಾತಲ್ಲಿ ಮುಗಿಯುವ ವಿಷಯ ಅಲ್ಲ.

ಇದು ಬೈಯುವ ಪತ್ರ ಅಲ್ಲ. ನೀನು ಹಾಗೆ ಮಾಡಿದ್ದಕ್ಕೆ ಕಾರಣ ಇದೆ, ಆ ಕಾರಣ ನಿನಗಿಂತ ತುಂಬಾ ಹಳೆಯದು.

1946ರಲ್ಲಿ ಮಿರ್ರಾ ಕೊಮರೊವ್‌ಸ್ಕಿ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞೆ ಕಾಲೇಜು ಹುಡುಗಿಯರನ್ನು ಮಾತಾಡಿಸಿ ಒಂದು ಲೇಖನ ಬರೆದರು. ಹುಡುಗರ ಜೊತೆ ಇರುವಾಗ ಆಗಾಗ ದಡ್ಡಿಯ ಹಾಗೆ ನಟಿಸಿದ್ದೇವೆ ಅಂತ ಸುಮಾರು ನೂರಕ್ಕೆ 40 ಮಂದಿ ಒಪ್ಪಿಕೊಂಡಿದ್ದರು. ಬಂದ ಬಹುಮಾನವನ್ನು ಮುಚ್ಚಿಟ್ಟವರಿದ್ದರು. ಗೊತ್ತಿರುವ ವಿಷಯವನ್ನು ಗೊತ್ತಿಲ್ಲ ಅಂದವರಿದ್ದರು. ವಾದದಲ್ಲಿ ಕೊನೆಯ ಮಾತನ್ನು ಬೇಕೆಂದೇ ಅವನಿಗೆ ಬಿಟ್ಟುಕೊಟ್ಟವರಿದ್ದರು. ಒಬ್ಬಳು ಗೆಳೆಯನಿಗೆ ಬರೆಯುವ ಪತ್ರಗಳಲ್ಲಿ ಉದ್ದುದ್ದ ಪದಗಳ ಕಾಗುಣಿತವನ್ನು ಬೇಕೆಂದೇ ತಪ್ಪಾಗಿ ಬರೆಯುತ್ತಿದ್ದಳು. ನಿನಗೆ ಕಾಗುಣಿತವೇ ಬರಲ್ಲ ಅಂತ ಅವನು ಖುಷಿಯಿಂದ ಉತ್ತರ ಬರೆಯುತ್ತಿದ್ದನಂತೆ.

ಆ ಹುಡುಗಿಯ ಬಗ್ಗೆ ನಾನು ತುಂಬಾ ಯೋಚಿಸಿದೆ. ಸರಿಯಾದ ಪದ ಗೊತ್ತಿದ್ದು, ತಪ್ಪನ್ನು ಎಲ್ಲಿ ಹಾಕಬೇಕು ಅಂತ ಹುಡುಕಿ ಹಾಕಬೇಕು. ಜಾಸ್ತಿ ಹಾಕಿದರೆ ಸಿಕ್ಕಿಬೀಳುತ್ತಾಳೆ, ಹಾಕದಿದ್ದರೆ ಅವನಿಗೆ ಖುಷಿಯಿಲ್ಲ. ಎಷ್ಟು ಬುದ್ಧಿ ಬೇಕು ಅದಕ್ಕೆ! ಅಷ್ಟೂ ಬುದ್ಧಿ ಖರ್ಚಾಗಿದ್ದು ಬುದ್ಧಿಯನ್ನು ಮುಚ್ಚಿಡುವುದಕ್ಕೆ.

ಅದೆಲ್ಲ ಆ ಕಾಲದ ಮಾತು ಅನ್ನಬಹುದು ನೀನು. 2017ರಲ್ಲಿ ಇನ್ನೊಂದು ಅಧ್ಯಯನ ಬಂತು. ಅಮೆರಿಕದ ಹೆಸರಾಂತ ಕಾಲೇಜೊಂದರಲ್ಲಿ ಎಂಬಿಎ ಓದುತ್ತಿದ್ದವರಿಗೆ ಎಷ್ಟು ಸಂಬಳ ಬೇಕು, ಕೆಲಸಕ್ಕಾಗಿ ಎಷ್ಟು ಓಡಾಡಲು ತಯಾರಿದ್ದೀರಿ ಅಂತೆಲ್ಲ ಕೇಳಿದರು. ಉತ್ತರವನ್ನು ಕ್ಲಾಸಿನವರೂ ನೋಡುತ್ತಾರೆ ಅಂದಾಗ, ಜೊತೆಗಾರನಿಲ್ಲದ ಹೆಣ್ಣುಮಕ್ಕಳು ಕೇಳಿದ ಸಂಬಳ ವರ್ಷಕ್ಕೆ ಸುಮಾರು 18,000 ಡಾಲರ್ ಇಳಿದುಹೋಯಿತು. ಕ್ಲಾಸಿನವರು ನೋಡುವುದಿಲ್ಲ ಅಂದುಕೊಂಡಾಗ ಅವರ ಆಸೆ ಬೇರೆ ಹೆಣ್ಣುಮಕ್ಕಳಷ್ಟೇ ಇತ್ತು. ಪರೀಕ್ಷೆಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳ ಅಂಕಗಳೂ ಕಡಿಮೆ ಇರಲಿಲ್ಲ. ಕ್ಲಾಸಿನಲ್ಲಿ ಬಾಯಿಬಿಟ್ಟು ಮಾತಾಡುವುದಕ್ಕೆ ಕೊಡುವ ಅಂಕ ಮಾತ್ರ ಕಡಿಮೆ ಇತ್ತು.

ಇದು ಎಷ್ಟು ಬೇಗ ಶುರುವಾಗುತ್ತೆ ಗೊತ್ತಾ? ಅದೇ ವರ್ಷ ಬಂದ ಮತ್ತೊಂದು ಅಧ್ಯಯನದಲ್ಲಿ ಪುಟ್ಟ ಮಕ್ಕಳಿಗೆ ‘ತುಂಬಾ ತುಂಬಾ ಜಾಣರಾದ’ ಒಬ್ಬರ ಕಥೆ ಹೇಳಿ, ಅದು ಯಾರಿರಬಹುದು ಅಂತ ಕೇಳಿದ್ದರು. ಐದು ವರ್ಷದ ಹುಡುಗಿಯರು ಹೆಂಗಸರ ಕಡೆ ಬೆರಳು ತೋರಿಸಿದರು, ಹುಡುಗರು ಗಂಡಸರ ಕಡೆ. ಆರು ವರ್ಷದ ಹೊತ್ತಿಗೆ ಹುಡುಗಿಯರ ಬೆರಳು ಅಳುಕಿತು. ಶಾಲೆಯಲ್ಲಿ ಒಳ್ಳೆ ಅಂಕ ತೆಗೆಯುವವರು ಹುಡುಗಿಯರೇ ಅಂತ ಅವರಿಗೆ ಗೊತ್ತಿತ್ತು. ಆದರೂ ‘ತುಂಬಾ ಜಾಣ ಮಕ್ಕಳಿಗೆ’ ಅಂತ ಹೇಳಿದ ಆಟದಲ್ಲಿ ಹುಡುಗರಷ್ಟು ಆಸಕ್ತಿ ತೋರಿಸಲಿಲ್ಲ. ಅದನ್ನು ಓದಿದಾಗ ಆ ವಯಸ್ಸಿನ ನೀನು ಕಣ್ಣಮುಂದೆ ಬಂದೆ. ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು.

ನಾನು ಗಂಡಸು. ಮೇಜಿನ ಈಚೆ ಕೂತವನು. ಈ ಕಡೆಯಿಂದ ಕಾಣುವ ಒಂದು ಸತ್ಯವನ್ನು ನಿನಗೆ ಹೇಳಬೇಕು. ನೀನು ದಡ್ಡಿಯಾಗಿ ನಟಿಸಿದರೆ, ಅದು ನೀನು ಬಿಟ್ಟುಕೊಟ್ಟದ್ದು ಅಂತ ಎದುರಿಗಿರುವವನಿಗೆ ಗೊತ್ತೇ ಆಗುವುದಿಲ್ಲ. ಅವನ ಮನಸ್ಸು ನೋಯಿಸಬಾರದು ಅಂತ ಮಾಡಿದೆ ಅಂದುಕೊಳ್ಳುತ್ತೀಯ, ಅಲ್ವಾ? ಅವನು ಅದನ್ನು ಒಳ್ಳೆಯತನ ಅಂತ ಲೆಕ್ಕಕ್ಕಿಡುವುದಿಲ್ಲ. ಇವಳಿಗೆ ಗೊತ್ತಿಲ್ಲ ಅಂತಷ್ಟೇ ಬರೆದಿಟ್ಟುಕೊಳ್ಳುತ್ತಾನೆ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಇದ್ದರು. ಒಂದು ಮೀಟಿಂಗಿನಲ್ಲಿ ಮೇಲಧಿಕಾರಿ ಪರದೆಯ ಮೇಲೆ ಲೆಕ್ಕ ತೋರಿಸುತ್ತಿದ್ದರು. ಒಂದೇ ಖರ್ಚು ಎರಡು ಕಡೆ ಸೇರಿಕೊಂಡಿತ್ತು. ಪಕ್ಕದಲ್ಲಿ ಕೂತಿದ್ದ ನನಗೆ ಕಂಡದ್ದು ಇವರ ಪೆನ್ನು. ನೋಟ್‌ಬುಕ್ಕಿನಲ್ಲಿ ಆ ಎರಡೂ ಅಂಕಿ ಬರೆದು, ನಡುವೆ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಮೊತ್ತವನ್ನೂ ಬರೆದುಬಿಟ್ಟಿದ್ದರು. ಆಮೇಲೆ ಆ ಪುಟದ ಮೇಲೆ ಅಂಗೈ ಇಟ್ಟು, ‘ಸರ್, ನನಗೆ ಸರಿಯಾಗಿ ಅರ್ಥ ಆಗಲಿಲ್ಲ, ಈ ಸಾಲು ಇನ್ನೊಂದ್ಸಲ ಹೇಳ್ತೀರಾ?’ ಅಂದರು. ಮೇಲಧಿಕಾರಿ ವಿವರಿಸುತ್ತಾ ಹೋಗಿ ಅರ್ಧದಲ್ಲಿ ನಿಂತು, ‘ಅರೆ, ಇದು ಎರಡು ಸಲ ಬಂದಿದೆಯಲ್ಲ!’ ಅಂದರು. ಎಲ್ಲರೂ ಅವರ ಚುರುಕುತನವನ್ನು ಹೊಗಳಿದರು. ತಪ್ಪೂ ಸರಿಹೋಯಿತು, ಯಾರ ಮನಸ್ಸಿಗೂ ನೋವಾಗಲಿಲ್ಲ.

ಮುಂದೊಂದು ದಿನ ದೊಡ್ಡ ಜವಾಬ್ದಾರಿಯೊಂದಕ್ಕೆ ಇವರ ಹೆಸರು ಬಂತು. ‘ತುಂಬಾ ಒಳ್ಳೆಯವರು, ಆದರೆ ಎಲ್ಲವನ್ನೂ ಬಿಡಿಸಿ ಹೇಳಬೇಕು’ ಅಂದರು ಯಾರೋ. ನಾನು ಕಂಡದ್ದನ್ನು ಹೇಳಿದೆ. ಆದರೆ ವರ್ಷಗಟ್ಟಲೆ ಕೂತ ಅಭಿಪ್ರಾಯದ ಮುಂದೆ ಒಬ್ಬನ ಮಾತು ಎಷ್ಟು ನಿಲ್ಲುತ್ತೆ? ಕೆಲಸ ಬೇರೆಯವರಿಗೆ ಹೋಯಿತು. ಆ ಅಂಗೈ ನನಗೆ ಇವತ್ತಿಗೂ ನೆನಪಾಗುತ್ತೆ.

ಮುಖವಾಡ ಬೇಡ ಅನ್ನಿಸಿದಾಗ ತೆಗೆದರಾಯಿತು ಅಂತ ನಿನಗನ್ನಿಸಬಹುದು. ರೋಮ್ ಸಾಮ್ರಾಜ್ಯದಲ್ಲಿ ಕ್ಲಾಡಿಯಸ್ ಅಂತ ಒಬ್ಬನಿದ್ದ. ಅವನ ಮನೆಯವರೇ ಅವನನ್ನು ಪೆದ್ದ ಅಂದುಕೊಂಡಿದ್ದರು. ಅವನಿಗಿಂತ ಮುಂಚೆ ಆಳಿದ ಕ್ಯಾಲಿಗುಲಾ ತುಂಬಾ ಕ್ರೂರಿ. ಕ್ರಿ.ಶ. 41ರಲ್ಲಿ ಕ್ಯಾಲಿಗುಲಾನ ಕೊಲೆಯಾಗಿ ಕ್ಲಾಡಿಯಸನೇ ಚಕ್ರವರ್ತಿಯಾದ. ಪೆದ್ದನ ಹಾಗೆ ನಟಿಸಿದ್ದರಿಂದಲೇ ಜೀವ ಉಳಿಸಿಕೊಂಡೆ ಅಂತ ಅವನು ಆಮೇಲೆ ಹೇಳಿಕೊಂಡ. ಯಾರೂ ನಂಬಲಿಲ್ಲ ಅಂತ ಬರೆಯುತ್ತಾನೆ ಇತಿಹಾಸಕಾರ ಸ್ವೆಟೋನಿಯಸ್. ಪೆದ್ದತನವನ್ನು ಯಾರೂ ನಟಿಸುವುದಿಲ್ಲ ಅಂತ ಒಂದು ಪುಸ್ತಕವೇ ಹೊರಬಂತಂತೆ. ಚಕ್ರವರ್ತಿಯ ಮಾತಿಗೇ ಆ ಗತಿಯಾದರೆ, ನಾಳೆ ನೀನು ‘ನನಗೆ ಅವತ್ತೇ ಗೊತ್ತಿತ್ತು’ ಅಂದರೆ ಯಾರು ನಂಬುತ್ತಾರೆ?

ಹಾಗಂತ ಗೊತ್ತಿದ್ದದ್ದನ್ನೆಲ್ಲ ಹೇಳುತ್ತಾ ಓಡಾಡು ಅನ್ನುತ್ತಿಲ್ಲ. ಸುಮ್ಮನಿರುವುದು ಬೇರೆ, ಗೊತ್ತಿಲ್ಲ ಅನ್ನುವುದು ಬೇರೆ. ಅಜ್ಜ ನೀನು ಓದಿರುವ ವಿಷಯವನ್ನೇ ಉತ್ಸಾಹದಿಂದ ಹೇಳುತ್ತಿದ್ದಾರೆ ಅಂತಿಟ್ಟುಕೋ. ಕೇಳಿಸಿಕೋ. ಅದು ಪ್ರೀತಿ. ಗೆಳತಿ ಲೆಕ್ಕ ಬಿಡಿಸುತ್ತಾ ತಡವರಿಸುತ್ತಿದ್ದರೆ ಉತ್ತರ ಹೇಳದೆ ಕಾಯಿ. ಅದೂ ಪ್ರೀತಿಯೇ. ಅಲ್ಲಿ ನೀನು ಸುಳ್ಳು ಹೇಳುತ್ತಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಅಂತ ಹಿರಿಯರು ಹೇಳುತ್ತಾರೆ, ಸರಿ. ಆದರೆ ಆ ಗಾದೆ ಕೊಡ ಖಾಲಿಯಿದೆ ಅಂತ ಹೇಳು ಅನ್ನುವುದಿಲ್ಲ.

ಅಪಾಯ ಇರುವ ಕಡೆ ಮಾತ್ರ ಈ ಯಾವ ಮಾತೂ ಬೇಡ. ಯಾರೋ ಫೋನ್ ಮಾಡಿ ಓಟಿಪಿ ಕೇಳಿದರೆ, ದಾರಿಯಲ್ಲಿ ಯಾರೋ ಜಗಳಕ್ಕೆ ಎಳೆದರೆ, ನೀನೊಬ್ಬಳೇ ಇದ್ದೀಯಾ ಅಂತ ಅಪರಿಚಿತ ಕೇಳಿದರೆ, ಏನೂ ಅರ್ಥವಾಗದವಳ ಹಾಗೆ ಜಾಗ ಖಾಲಿ ಮಾಡು. ಅಲ್ಲಿ ನಿನ್ನ ಜಾಣತನವನ್ನು ಯಾರಿಗೂ ತೋರಿಸಬೇಕಾಗಿಲ್ಲ. ಕ್ಷೇಮವಾಗಿ ಮನೆಗೆ ಬಾ, ಸಾಕು.

ಇನ್ನೊಂದು ಬಗೆಯ ನಟನೆಯೂ ಇದೆ, ಅದರ ಬಗ್ಗೆ ಹುಷಾರಾಗಿರು. ‘ನನಗೆ ಇದೆಲ್ಲ ಬರಲ್ಲ, ನೀನೇ ಚೆನ್ನಾಗಿ ಮಾಡ್ತೀಯ’ ಅಂತ ಹೇಳಿ ಕೆಲಸವನ್ನು ನಿನ್ನ ತಲೆಗೆ ಕಟ್ಟುವವರು ಸಿಗುತ್ತಾರೆ, ಮನೆಯಲ್ಲೂ ಆಫೀಸಿನಲ್ಲೂ. ‘ಬಾ, ಹೇಳಿಕೊಡ್ತೀನಿ’ ಅನ್ನು. ನಿಜವಾಗಿ ಬಾರದವರು ಕಲಿಯುತ್ತಾರೆ.

ಹಾಗಾದರೆ ಆ ಹುಡುಗನಿಗೆ ಏನು ಹೇಳಬೇಕಿತ್ತು? ‘ನಾನು ಬೇರೆ ಥರ ಓದಿದ್ದೆ, ಇಬ್ಬರೂ ಸೇರಿ ನೋಡೋಣ್ವಾ?’ ಇಷ್ಟೇ ಸಾಕಿತ್ತು. ದನಿ ಎತ್ತಬೇಕಿಲ್ಲ, ಗೆಲ್ಲಬೇಕಿಲ್ಲ. ನಿನ್ನದೇ ತಪ್ಪು ಅಂತಾದರೆ ಒಪ್ಪಿಕೋ, ಅದರಲ್ಲಿ ನಾಚಿಕೆಯಿಲ್ಲ. ಇಷ್ಟಕ್ಕೇ ಮುಖ ಊದಿಸಿಕೊಳ್ಳುವ ಗೆಳೆಯನಾದರೆ, ಅವನ ಮುಂದೆ ನೀನು ದಿನಾ ಸ್ವಲ್ಪ ಸ್ವಲ್ಪ ಚಿಕ್ಕವಳಾಗುತ್ತಾ ಹೋಗಬೇಕಾಗುತ್ತೆ. ಎಲ್ಲಿಯವರೆಗೆ ಮಗಳೇ?

ಕೊನೆಯದಾಗಿ ನನ್ನದೇ ಒಂದು ಬೇಡಿಕೆ. ನಿನ್ನ ಪ್ರಾಜೆಕ್ಟ್ ಏನಾಯಿತು ಅಂತ ಕೇಳಿದಾಗಲೆಲ್ಲ ‘ಏನೋ ನಡೀತಿದೆ ಅಪ್ಪಾ, ಅದೆಲ್ಲ ಬೋರು’ ಅನ್ನುತ್ತೀಯ. ನನಗೆ ಅರ್ಥವಾಗಲಿಕ್ಕಿಲ್ಲ, ಬೇಜಾರಾದೀತು ಅಂತ ಹಾಗನ್ನುತ್ತೀಯ ಅಂತ ನನಗೆ ಗೊತ್ತು. ನನ್ನ ಮುಂದೆಯೂ ಮುಚ್ಚಿಡಬೇಡ. ಭಾನುವಾರ ಫೋನ್ ಮಾಡಿದಾಗ ಪೂರ್ತಿ ಹೇಳು, ಕಷ್ಟದ ಭಾಗವನ್ನೂ ಬಿಡದೆ. ಅರ್ಥವಾಗದ ಕಡೆ ನಾನೇ ತಡೆದು ಕೇಳುತ್ತೇನೆ.

ನಿನ್ನ
ಅಪ್ಪ