ಟ್ಯೂಷನ್ ಅಕ್ಕನಿಗೆ

ಮಗಳು ಪಾಸಾದಳು. ಎಸ್ಸೆಸ್ಸೆಲ್ಸಿ ಗಣಿತ, ಪರೀಕ್ಷೆ-2ರಲ್ಲಿ 61. ಮೊದಲ ಸಲ ಬಂದದ್ದು 29, ಅದರಲ್ಲೂ ಶಾಲೆಯ ಇಂಟರ್ನಲ್ಸೇ 18, ಅಂದರೆ 80ರ ಪೇಪರ್‌ನಲ್ಲಿ ಅವಳು ಬರೆದು ತೆಗೆದದ್ದು ಬರೀ 11. (ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.)

ಅವರಪ್ಪ ಹೋಗಿ ಎರಡು ವರ್ಷ. ಆಮೇಲೆ ಅವಳು ಪುಸ್ತಕ ಹಿಡಿದು ಕೂತಿರುತ್ತಿದ್ದಳು, ಓದುತ್ತಿರಲಿಲ್ಲ. ನನಗೂ ನೋಡುವ ಪುರುಸೊತ್ತಿರಲಿಲ್ಲ. ದೊಡ್ಡ ಟ್ಯೂಷನ್ ಸೆಂಟರ್ ಒಂದಕ್ಕೆ ಹಾಕಿದೆ. ಒಂದೇ ಹಾಲ್‌ನಲ್ಲಿ ಅರವತ್ತು ಮಕ್ಕಳು, ಕೈಗೊಂದು ಇಂಪಾರ್ಟೆಂಟ್ ಪ್ರಶ್ನೆಗಳ ಜೆರಾಕ್ಸ್.

ರಿಸಲ್ಟ್‌ಗೂ ಮುಂದಿನ ಪರೀಕ್ಷೆಗೂ ಮಧ್ಯೆ ಮೂರೇ ವಾರ. ಹಿಂದಿನ ಬೀದಿಯ ನಿಮ್ಮ ಮನೆಗೆ ಕರೆತಂದಾಗ ನೀವು ಪುಸ್ತಕ ತೆಗೆಯಲೇ ಇಲ್ಲ. ಮೈನಸ್ 5ರಲ್ಲಿ 3 ಕಳಿ ಅಂದಿರಿ. ಪ್ಲಸ್ 8 ಅಂತ ಬರೆದಳು. ಮೈನಸ್ ಮೈನಸ್ ಪ್ಲಸ್ ಅಂತ ಬಾಯಿಪಾಠ, ಅದು ಗುಣಾಕಾರದ ಮಾತು ಅಂತ ಯಾರೂ ಹೇಳಿಲ್ಲ, ಅಥವಾ ಹೇಳಿದಾಗ ಇವಳು ಕೇಳಿಸಿಕೊಂಡಿಲ್ಲ. "ಅಂಗಡೀಲಿ 5 ರೂಪಾಯಿ ಸಾಲ ಇದೆ, ಇನ್ನೂ 3 ರೂಪಾಯಿ ಸಾಲ ಮಾಡಿದೆ, ಈಗ ನಿನ್ನ ಹತ್ರ 8 ರೂಪಾಯಿ ಇದೆಯಾ ಪುಟ್ಟಿ?" ಅಂದಿರಿ. ಸಾಲ ಅಂದರೆ ನಮ್ಮನೆಯವರಿಗೆ ಬೇಗ ಅರ್ಥವಾಗುತ್ತದೆ, ಬಿಡಿ. ಬಹುಪದೋಕ್ತಿ, ವರ್ಗ ಸಮೀಕರಣ, ಎಲ್ಲದರಲ್ಲೂ ಅವಳು ಎಡವುತ್ತಿದ್ದದ್ದು ಆ ಒಂದು ಗೆರೆಗೆ.

ಟ್ಯೂಷನ್ ಅಂದರೆ ನನಗೆ ಅಷ್ಟಕ್ಕಷ್ಟೆ. ನಮ್ಮಜ್ಜ ಕಲಿತದ್ದು ಕೂಲಿಮಠದಲ್ಲಿ, ಹೆಸರಲ್ಲೇ ಕೂಲಿ ಇದೆ, ದುಡ್ಡು ಕೊಟ್ಟರೆ ಪಾಠ ಅಂದುಕೊಂಡಿದ್ದೆ. ಮೊನ್ನೆ ಮಗಳು ಡಿಕ್ಷನರಿ ನೋಡಿ ಹೇಳಿದಳು, ಟ್ಯೂಟರ್ ಅನ್ನುವುದು ಲ್ಯಾಟಿನ್ನಿನಿಂದ ಬಂದದ್ದು, ಮೂಲದಲ್ಲಿ ಕಾಯುವವರು ಅಂತ ಅರ್ಥ. ಹಳೇ ರೋಮ್‌ನಲ್ಲಿ ತಂದೆ ಇಲ್ಲದ ಎಳೆ ಮಕ್ಕಳ ಆಸ್ತಿಪಾಸ್ತಿ ನೋಡಿಕೊಳ್ಳಲು ನೇಮಕವಾದವರನ್ನು ಹಾಗೆ ಕರೆಯುತ್ತಿದ್ದರಂತೆ. ಟ್ಯೂಷನ್ನಿಗೂ ಮೊದಲು ಕಾವಲು ಅಂತಲೇ ಅರ್ಥ, ಪಾಠ, ಫೀಸು ಎಲ್ಲ ಆಮೇಲೆ ಸೇರಿಕೊಂಡದ್ದು. ಇಷ್ಟು ಹೇಳಿ ಅವಳು ಸುಮ್ಮನಾದಳು. ನಾನೂ.

ಕಾಯೋಕೆ ನಮ್ಮ ಹತ್ತಿರ ಆಸ್ತಿ ಏನೂ ಇಲ್ಲ. ಆದರೆ ರಾತ್ರಿ ಎಂಟೂವರೆಗೆ ನನ್ನ ಶಿಫ್ಟ್ ಮುಗಿಯುವವರೆಗೂ ಅವಳನ್ನು ನಿಮ್ಮ ನಡುಮನೆಯಲ್ಲೇ ಕೂರಿಸಿಕೊಂಡಿರುತ್ತಿದ್ದಿರಿ. ಪಾಠ ಏಳಕ್ಕೇ ಮುಗಿದಿರುತ್ತಿತ್ತು ಅಂತ ನನಗೆ ಗೊತ್ತಾದದ್ದು ಈಗ. ದಿನಾ ಉಪ್ಪಿಟ್ಟೋ ಅವಲಕ್ಕಿಯೋ ಆಗುತ್ತಿತ್ತು ಅಂತಲೂ. ತುಂಬಾ ಥ್ಯಾಂಕ್ಸ್ ಅಕ್ಕ.

ಪಿಯುಗೆ ಕಾಮರ್ಸ್ ತಗೊಂಡಿದ್ದಾಳೆ. ಅಕೌಂಟ್ಸ್ ನಂಗೆ ಬರಲ್ಲ ಅಂತ ನೀವು ಮೊದಲೇ ಹೇಳಿಬಿಟ್ಟಿದ್ದೀರಿ. ಆದರೂ ಸೋಮವಾರದಿಂದ ಬರುತ್ತಾಳಂತೆ, ಚಾಪೆ ಮೇಲೆ ಜಾಗ ಇಡಿ.