ಮೇಲಿನ ಮಂಚದಿಂದ, ಮಗಳಿಗೊಂದು ಪತ್ರ

ಸ್ಲೀಮಾ, ಮಾಲ್ಟಾ
ಸೆಪ್ಟೆಂಬರ್, ಗುರುವಾರ ರಾತ್ರಿ

ಪ್ರೀತಿಯ ಕೂಸೇ,

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆಯುವುದರೊಳಗೆ ನೀನು "ಸಾರಿ ಆಯಿ" ಎಂದು ಶುರು ಮಾಡುತ್ತೀಯ. ಈ ನಾಲ್ಕು ದಿನಗಳಲ್ಲಿ ಹನ್ನೊಂದು ಸಲ ಆಯಿತು, ಎಣಿಸಿದ್ದೇನೆ. ರಜೆ ರದ್ದಾದದ್ದಕ್ಕೆ ಸಾರಿ, ಮ್ಯೂನಿಕ್‌ನಿಂದ ನನ್ನನ್ನು ಒಬ್ಬಳೇ ಕಳಿಸಿದ್ದಕ್ಕೆ ಸಾರಿ, ಹೋಟೆಲ್ ಬಿಟ್ಟು ಹಾಸ್ಟೆಲ್ ಹಿಡಿದದ್ದಕ್ಕೆ ಸಾರಿ. ಪತ್ರಕ್ಕಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಅದಕ್ಕೇ ತಾರಸಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಅಂಚೆಗೆ ಹಾಕುವುದಿಲ್ಲ, ಬಂದಮೇಲೆ ಕೈಯಲ್ಲೇ ಕೊಡುತ್ತೇನೆ. ನಾನು ಸ್ನಾನಕ್ಕೆ ಹೋದಾಗ ಓದು.

ಮೊದಲು ಹಾಸ್ಟೆಲ್ ಹೇಗಿದೆ ಎಂದು ಹೇಳಿಬಿಡುತ್ತೇನೆ. ಸಮುದ್ರದ ದಂಡೆಯಿಂದ ಎರಡು ಓಣಿ ಒಳಗೆ ಒಂದು ಹಳೆಯ ಮನೆ. ಬೆಣ್ಣೆ ಬಣ್ಣದ ಸುಣ್ಣದಕಲ್ಲಿನ ಗೋಡೆ. ಇಡೀ ದ್ವೀಪವನ್ನೇ ಆ ಒಂದು ಕಲ್ಲಿನಿಂದ ಕಡೆದು ನಿಲ್ಲಿಸಿದಂತಿದೆ. ಬೀದಿಯ ಕಡೆಗೆ ಮರ, ಗಾಜು ಹಾಕಿ ಮುಚ್ಚಿದ ಬಾಲ್ಕನಿ. ಎಂಟು ಜನ ಹೆಂಗಸರ ಕೋಣೆ, ರೈಲಿನ ಬರ್ತುಗಳ ಹಾಗೆ ಕೆಳಗೊಂದು ಮೇಲೊಂದು ಮಂಚ. ರಾತ್ರಿಗೆ 24 ಯೂರೊ. ನೀನು ನನಗಾಗಿ ಕೆಳಗಿನದನ್ನೇ ಕೇಳಿದ್ದೆಯಂತೆ, ಆದರೆ ನಾನು ಬರುವಷ್ಟರಲ್ಲಿ ಅಲ್ಲಿ ಒಬ್ಬಳು ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಮಲಗಿದ್ದಳು. ನಾನೇ ಮೇಲೆ ಹತ್ತಿದೆ. ಹೌದು, ಅರವತ್ತೊಂದನೆಯ ವಯಸ್ಸಿನಲ್ಲಿ. ಅಡಿಕೆ ಮೂಟೆಯ ಅಟ್ಟವನ್ನು ಮೂವತ್ತೈದು ವರ್ಷ ಹತ್ತಿ ಇಳಿದವಳಿಗೆ ಐದು ಮೆಟ್ಟಿಲ ಏಣಿ ಒಂದು ಲೆಕ್ಕವೇ? ಇಳಿಯುವಾಗ ಮಾತ್ರ ಸೀರೆ ಸ್ವಲ್ಪ ತೊಡಕಾಯಿತು. ಅದಕ್ಕೆ ಚೂಡಿದಾರ ಇದೆ.

ಲಾಕರಿಗೆ ಬೀಗ ನಾವೇ ಒಯ್ಯಬೇಕು ಎಂದಿದ್ದೆಯಲ್ಲ. ಸೂಟ್‌ಕೇಸಿಗೆಂದು ಊರಿನಿಂದ ತಂದಿದ್ದ ಹಿತ್ತಾಳೆ ಬೀಗವನ್ನೇ ತಂದೆ. ಧಾರವಾಡಕ್ಕೆ ಹೊರಟಾಗ ನಿನ್ನ ಟ್ರಂಕಿಗೆ ಹಾಕಿದ್ದೆನಲ್ಲ, ಅದೇ ಬೀಗ. ಅದರ ಕೊಂಡಿ ಇಲ್ಲಿನ ಲಾಕರಿನ ಕಿವಿಯಲ್ಲಿ ತೂರಲೇ ಇಲ್ಲ. ರಿಸೆಪ್ಶನ್ನಿನ ಹುಡುಗ ಅದನ್ನು ಕೈಯಲ್ಲಿ ತೂಗಿ ನೋಡಿ, ಇದು ಕೋಟೆಯ ಬಾಗಿಲಿಗೆ ಹಾಕುವಂಥದ್ದು ಎಂದು ನಕ್ಕ. ಐದು ಯೂರೊ ಠೇವಣಿ ಇಟ್ಟುಕೊಂಡು ಬೆರಳಿನಷ್ಟು ಗಾತ್ರದ ಬೀಗ ಕೊಟ್ಟ. ನಮ್ಮ ಬೀಗ ನಾಲ್ಕು ದಿನವೂ ದಿಂಬಿನ ಕೆಳಗೇ ಇತ್ತು.

ಅಡುಗೆಮನೆ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಫ್ರಿಜ್ಜಿನಲ್ಲಿಡುವ ಪ್ರತಿಯೊಂದಕ್ಕೂ ಹೆಸರು ಮತ್ತು ಹೊರಡುವ ದಿನ ಬರೆದ ಚೀಟಿ ಅಂಟಿಸಬೇಕು. ನಾನು ಮೊಸರಿನ ಡಬ್ಬಿಗೆ ಕನ್ನಡದಲ್ಲಿ ಬರೆದು ಅಂಟಿಸಿದೆ, ಯಾರೂ ಮುಟ್ಟಲಿಲ್ಲ. ಹೊರಟುಹೋದವರು ಬಿಟ್ಟ ಸಾಮಾನಿಗೆ ಬೇರೆ ಕಪಾಟು ಇದೆ. ಅರ್ಧ ಪೊಟ್ಟಣ ಪಾಸ್ತಾ, ಉಪ್ಪು, ತಳದಲ್ಲಿ ನಾಲ್ಕು ಬೆರಳು ಉಳಿದ ಆಲಿವ್ ಎಣ್ಣೆ. ಬೇಕಾದವರು ತೆಗೆದುಕೊಳ್ಳಬಹುದು. ಅಲ್ಲೇ ಸಿಕ್ಕ ಅಕ್ಕಿಯಿಂದ ಎರಡು ದಿನ ಅನ್ನ ಮಾಡಿದೆ, ಜೊತೆಗೆ ನಮ್ಮ ಅಪ್ಪೆಮಿಡಿ. ಮಿಕ್ಕ ಅವಲಕ್ಕಿಯನ್ನು ಆ ಕಪಾಟಿನಲ್ಲಿ ಇಟ್ಟು ಬರುತ್ತೇನೆ. ಹೇಗೆ ತಿನ್ನಬೇಕೆಂದು ಇಂಗ್ಲಿಷಿನಲ್ಲಿ ಚೀಟಿ ಬರೆದಿದ್ದೇನೆ, ಇಲ್ಲದಿದ್ದರೆ ಪಾಸ್ತಾದಂತೆ ಕುದಿಸಿಬಿಡುತ್ತಾರೆ.

ಹೊರಗಿನ ತಿಂಡಿ ಎಂದರೆ ಪಸ್ತಿಟ್ಸಿ. ಪದರಪದರವಾದ ಹಿಟ್ಟಿನೊಳಗೆ ರಿಕೊಟ್ಟಾ ಗಿಣ್ಣು ಅಥವಾ ಅರೆದ ಬಟಾಣಿ, ಬಿಸಿಬಿಸಿ, ಅಗ್ಗ. ಹಿಟ್ಟಿಗೆ ಹಂದಿಯ ಕೊಬ್ಬು ಹಾಕುವವರೂ ಇದ್ದಾರೆ, ಕೇಳಿಯೇ ತಿನ್ನಬೇಕು. ನಾನು ಕೇಳಿದೆ. ಮೂರನೆಯ ಅಂಗಡಿಯಲ್ಲಿ ಸಿಕ್ಕಿತು.

ಇನ್ನು ಸ್ನಾನ. ಷವರಿಗೆ ತಿರುಗಿಸುವ ನಲ್ಲಿ ಇಲ್ಲ, ಒಂದು ಗುಂಡಿ. ಒತ್ತಿದರೆ ಇಪ್ಪತ್ತು ಎಣಿಸುವಷ್ಟು ಹೊತ್ತು ನೀರು, ಮತ್ತೆ ಒತ್ತಬೇಕು. ಮೈತುಂಬ ಸೋಪು ಹಚ್ಚಿಕೊಂಡು ಗೋಡೆಯ ಗುಂಡಿಗೆ ತಡಕಾಡುವುದನ್ನು ಯೋಚಿಸು. ಮೊದಲ ದಿನ ಹಾಸ್ಟೆಲಿನವರ ಜಿಪುಣತನ ಎಂದು ಗೊಣಗಿದೆ. ಆಮೇಲೆ ತಿಳಿಯಿತು, ಈ ದೇಶದಲ್ಲಿ ಹೊಳೆಯೂ ಇಲ್ಲ, ಕೆರೆಯೂ ಇಲ್ಲ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ. ಶಿರಸಿಯಲ್ಲಿ ಜುಲೈ ತಿಂಗಳೊಂದೇ ಅದನ್ನು ಮೀರಿಸುತ್ತದೆ. ನಲ್ಲಿಯಲ್ಲಿ ಬರುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಮುದ್ರದ್ದು, ಉಪ್ಪು ತೆಗೆದು ಕಳಿಸುತ್ತಾರೆ. ಕುಡಿಯಬಹುದು, ಆದರೆ ನಾಲಗೆಯ ತುದಿಗೆ ಗೊತ್ತಾಗುತ್ತದೆ. ನಾನು ಅದರಲ್ಲಿ ಚಹಾ ಮಾಡಿ ಒಮ್ಮೆ ಸುಮ್ಮನಾದೆ.

ಎದುರಿನ ರಾಜಧಾನಿ ವಲೆಟ್ಟಾಕ್ಕೆ ದೋಣಿಯಲ್ಲಿ ಹತ್ತು ನಿಮಿಷವೂ ಬೇಡ. 1565ರಲ್ಲಿ ತುರ್ಕರು ಮುತ್ತಿಗೆ ಹಾಕಿ ಹೋದ ಮರುವರ್ಷವೇ, ಆಗ ದ್ವೀಪವನ್ನಾಳುತ್ತಿದ್ದ ನೈಟರೆಂಬ ಕ್ರೈಸ್ತ ಯೋಧರು ಕಟ್ಟಲು ತೊಡಗಿದ ಊರು. ಅಲ್ಲಿ ಮನೆ ಕಟ್ಟುವವರು ಮಳೆನೀರಿಗೆ ನೆಲದಡಿ ತೊಟ್ಟಿ ಕೊರೆಯಲೇಬೇಕೆಂಬ ನಿಯಮ ಆಗಲೇ ಇತ್ತಂತೆ. ಮಧ್ಯಾಹ್ನ ಹನ್ನೆರಡಕ್ಕೆ ಕೋಟೆಯ ಮೇಲೆ ತೋಪು ಹಾರಿಸುತ್ತಾರೆ. ಯಾರೂ ಹೇಳಿರಲಿಲ್ಲ, ಕೈಯಲ್ಲಿದ್ದ ನೀರಿನ ಬಾಟಲಿ ಬಿದ್ದುಹೋಯಿತು.

ಭಾಷೆ ಕೇಳಬೇಕು ನೀನು. ಚರ್ಚಿನಲ್ಲಿ ದೇವರನ್ನು ಅಲ್ಲಾ ಎನ್ನುತ್ತಾರೆ. ಶುಕ್ರವಾರ ಎಂದರೆ ಇಲ್-ಜಿಮಾ, ನಮ್ಮೂರಿನ ಜುಮ್ಮಾ. ಈಸ್ಟರಿಗೆ ಮೊದಲಿನ ಉಪವಾಸ ಕಾಲಕ್ಕೆ ರಂದಾನ್. ಅರಬ್ಬಿಯ ಬೇರು, ಇಂಗ್ಲಿಷಿನ ಲಿಪಿ, ಆಡುವವರು ಕ್ಯಾಥೊಲಿಕರು. ಬಸ್ಸುಗಳು ನಮ್ಮಂತೆಯೇ ಎಡಬದಿಗೆ ಓಡುತ್ತವೆ, ಎರಡೂವರೆ ಯೂರೊ ಟಿಕೆಟ್ಟಿನಲ್ಲಿ ಎರಡು ಗಂಟೆ ಎಷ್ಟು ಬಸ್ಸನ್ನಾದರೂ ಬದಲಾಯಿಸಬಹುದು. ಒಂದು ಬಸ್ಸಿನ ಚಾಲಕ ನನ್ನ ಕುಂಕುಮ ನೋಡಿ ಹಿಂದಿಯಲ್ಲಿ ಮಾತಿಗಿಳಿದ. ನನ್ನ ಹಿಂದಿ ನಿನಗೆ ಗೊತ್ತೇ ಇದೆ. ಇಬ್ಬರೂ ಬೇಗ ಇಂಗ್ಲಿಷಿಗೆ ಬಂದೆವು.

ನಿನ್ನೆ ಗೋಜೊ ದ್ವೀಪಕ್ಕೆ ಹೋಗಿದ್ದೆ. ಹೋಗುವಾಗ ಹಡಗಿನಲ್ಲಿ ದುಡ್ಡು ಕೇಳುವುದಿಲ್ಲ, ಹಿಂದಿರುಗುವಾಗ ಮಾತ್ರ. ಅಲ್ಲಿ ಜಗಾಂತಿಯಾ ಎಂಬ ಕಲ್ಲಿನ ಗುಡಿಗಳಿವೆ, ಐದೂವರೆ ಸಾವಿರ ವರ್ಷ ಹಳೆಯವು, ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಿಂದಿನವು. ಒಬ್ಬ ರಾಕ್ಷಸಿ ಜೇನು ಮತ್ತು ಕಾಳು ತಿನ್ನುತ್ತ, ಕೂಸನ್ನು ಹೆಗಲಿಗೆ ಜೋತುಹಾಕಿಕೊಂಡು ಆ ಬಂಡೆಗಳನ್ನು ಹೊತ್ತು ಕಟ್ಟಿದಳೆಂದು ಊರಿನವರ ಕಥೆ. ಬಿಸಿಲು ಜೋರಿತ್ತು. ನಾನು ಅರ್ಧ ಗಂಟೆ ನೆರಳಿನಲ್ಲಿ ಕುಳಿತು ಅವಳನ್ನೇ ಯೋಚಿಸಿದೆ.

ಕೋಣೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ಕೊಲಂಬಿಯಾದವಳು, ಹತ್ತೊಂಬತ್ತೋ ಇಪ್ಪತ್ತೋ. ಇಂಗ್ಲಿಷ್ ಕಲಿಯಲೆಂದೇ ಈ ದ್ವೀಪಕ್ಕೆ ಬರುವವರು ಬಹಳ, ಇವಳೂ ಹಾಗೆಯೇ ಬಂದವಳು. ಬಾಡಿಗೆ ಮನೆ ಸಿಗುವವರೆಗೆ ಹಾಸ್ಟೆಲ್. ಮೊದಲ ಸಂಜೆಯೇ ಮನೆಗೆಲಸದ ಪುಸ್ತಕ ತೋರಿಸಿದಳು. ಕನ್ನಡ ಮಾಧ್ಯಮದ ಮಕ್ಕಳಿಗೆ ಮೂವತ್ತು ವರ್ಷ ಪ್ರೆಸೆಂಟ್ ಪರ್ಫೆಕ್ಟ್ ಕಲಿಸಿ ನಿವೃತ್ತಳಾದವಳ ಮುಂದೆ! ಕೆಂಪು ಪೆನ್ನು ಇರಲಿಲ್ಲ, ನೀಲಿಯಲ್ಲೇ ತಿದ್ದಿದೆ. ಮಾತು ಹೆಚ್ಚಿಲ್ಲ, ಗಟ್ಟಿ ಹುಡುಗಿ ಎಂದುಕೊಂಡೆ.

ಎರಡನೆಯ ರಾತ್ರಿ ಹನ್ನೆರಡು ದಾಟಿರಬೇಕು. ಅದಕ್ಕೂ ಮೊದಲು ನನ್ನ ಗೊರಕೆಯಿಂದ ಎಲ್ಲರಿಗೂ ತೊಂದರೆ ಎಂಬ ಹೆದರಿಕೆಯಲ್ಲಿ ನಿದ್ದೆಯೇ ಹತ್ತಿರಲಿಲ್ಲ. ಎ.ಸಿ. ಸದ್ದಿನ ನಡುವೆ ಯಾರೋ ಅಳುತ್ತಿರುವುದು ಕೇಳಿಸಿತು. ದಿಂಬಿಗೆ ಮುಖ ಒತ್ತಿಕೊಂಡು, ಮೂಗಿನ ಸದ್ದು ಬಾರದಂತೆ ಬಾಯಿಯಿಂದ ಉಸಿರು ಬಿಡುತ್ತ. ಎಂಟು ಮಂಚಗಳಲ್ಲಿ ಯಾವುದೆಂದು ತಿಳಿಯಲಿಲ್ಲ. ಇಳಿದು ಹೋಗಿ ತಲೆ ಸವರೋಣ ಎನಿಸಿತು. ಯಾರ ತಲೆ? ಕತ್ತಲೆಯಲ್ಲಿ ಹಾಗೆಯೇ ಕುಳಿತಿದ್ದೆ.

ಬೆಳಿಗ್ಗೆ ಅಡುಗೆಮನೆಯಲ್ಲಿ ಆ ಹುಡುಗಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ, ತಲೆ ಎತ್ತದೆ ಕೇಳಿದಳು: "ರಾತ್ರಿ ಯಾರೋ ಅಳುತ್ತಿದ್ದರು. ನಿಮಗೆ ಕೇಳಿಸಿತೇ?" ಅವಳ ಕಣ್ಣು ಎರಡೂ ಬಾತುಕೊಂಡಿದ್ದವು. ಇಲ್ಲ ಎಂದೆ. ಚಹಾ ಮಾಡಿಕೊಟ್ಟೆ.

2009ರ ಆಗಸ್ಟಿನಲ್ಲಿ ನೀನು ಧಾರವಾಡದಿಂದ ಬರೆದ ಇನ್‌ಲ್ಯಾಂಡ್ ಪತ್ರ ನನಗೆ ಅಲ್ಲಿಯೇ, ಕೆಟಲಿನ ಮುಂದೆ ನಿಂತಾಗ ನೆನಪಾಯಿತು. ವಾರಕ್ಕೊಮ್ಮೆ ನಳದ ನೀರು, ಒಬ್ಬರಿಗೆ ಎರಡು ಬಕೆಟ್ ಎಂದು ಬರೆದಿದ್ದೆ. ಕೊನೆಯಲ್ಲಿ, ಅಂಟು ಹಚ್ಚುವ ಅಂಚಿನ ಹತ್ತಿರ, ಸಣ್ಣ ಅಕ್ಷರದಲ್ಲಿ: "ರಾತ್ರಿ ಲೈಟ್ ಆರಿಸಿದ ಮೇಲೆ ನಮ್ಮ ರೂಮಿನಲ್ಲಿ ಯಾರೋ ಅಳುತ್ತಾರೆ ಆಯಿ, ಯಾರೆಂದು ಗೊತ್ತಿಲ್ಲ." ನಾನು ಉತ್ತರ ಬರೆದದ್ದೂ ನೆನಪಿದೆ. ಮಳೆಗಾಲ, ಬಾಗಿದರೆ ಕೈಗೆ ಸಿಗುವಷ್ಟು ತುಂಬಿದ ಬಾವಿ, ಅದರ ಪಕ್ಕದ ಜಗಲಿಯಲ್ಲಿ ಕುಳಿತು ಬರೆದೆ: ನೀರಿಗೆ ಹೊಂದಿಕೋ, ಅಳುವವರ ಸುದ್ದಿ ನಿನಗೆ ಬೇಡ, ಓದಿನ ಕಡೆ ಗಮನ ಕೊಡು.

ಮಕ್ಕಳ ಕಾಪಿ ಪುಸ್ತಕದಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದರೂ ಹಿಡಿಯುತ್ತಿದ್ದವಳಿಗೆ ಆ ಒಂದು ಸಾಲನ್ನು ಓದಲು ಬರಲಿಲ್ಲ. ಹದಿನಾರು ವರ್ಷದವಳನ್ನು ಟ್ರಂಕಿನ ಸಮೇತ ಬಿಟ್ಟು, ಸಂಜೆಯ ಬಸ್ಸಿಗೆ ಹಿಂದಿರುಗಿ, ಬೀಗ ಗಟ್ಟಿಯಾಗಿದೆ ಎಂದು ನಿಮ್ಮ ಅಪ್ಪನಿಗೆ ಹೇಳಿದ್ದೆ.

ಹನ್ನೊಂದು "ಸಾರಿ" ನಿನ್ನವಾದವು. ಇದೊಂದು ನನ್ನದು. ಲೆಕ್ಕ ಸರಿಹೋಗುವುದಿಲ್ಲ, ಗೊತ್ತು.

ಓದಿದ ಮೇಲೆ ಏನೂ ಹೇಳಬೇಡ, ಅನ್ನಕ್ಕೆ ಇಡು. ತಂಬುಳಿ ನಾನು ಬಂದು ಮಾಡುತ್ತೇನೆ. ಬೇಗ ಇಡು, ಸ್ನಾನಕ್ಕೆ ನನಗೆ ಈಗ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ನಿನ್ನ
ಆಯಿ